ಮೇಣದೊಳಗಿನ ಚೂರು

ಹೆಂಡತಿಗೆ ಈ ಪರೀಕ್ಷೆಯನ್ನು ಡಾಕ್ಟರುಗಳು ಮೊದಲೇ ಯಾಕೆ ಮಾಡಲಿಲ್ಲ ಎಂಬ ಸಿಟ್ಟು ಕಿಡಿಯಣ್ಣನಿಗೆ ಇವತ್ತಿಗೂ ಆರಿಲ್ಲ. ಗೇಟು, ಕಿಟಕಿಗಳಿಗೆ ವೆಲ್ಡಿಂಗ್ ಮಾಡುವವನು. ಆದರೆ ಬೀದಿಯವರು ಆ ಹೆಸರಿಟ್ಟದ್ದು ಅವನ ಬಾಯಿ ನೋಡಿ. ಆಕೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಎಂದಾಗ ಮೊದಲು ತೋರಿಸಿದ ಆಸ್ಪತ್ರೆಯವರು ಎಲ್ಲರಿಗೂ ಏರಿಸುವ ಕೀಮೋ ಡ್ರಿಪ್ಪನ್ನೇ ಏರಿಸಿದರು. ಕೂದಲು ಹೋಯಿತು, ಗಡ್ಡೆ ಹೋಗಲಿಲ್ಲ.

ಹೊಸ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ರೋಗದ ಹೆಸರು ಒಂದೇ ಆದರೂ ಒಬ್ಬೊಬ್ಬರ ಗಡ್ಡೆಯಲ್ಲಿ ಕೆಟ್ಟಿರುವ ಜೀನು ಬೇರೆ. ಯಾವುದು ಕೆಟ್ಟಿದೆ ಎಂದು ತಿಳಿದರೆ ಅದಕ್ಕೇ ತಕ್ಕ ಮಾತ್ರೆ ಸಿಕ್ಕರೂ ಸಿಗಬಹುದು. ಅದಕ್ಕೆ ಗಡ್ಡೆಯ ಚೂರು ಬೇಕು. ಮತ್ತೆ ಎದೆಗೆ ಸೂಜಿ ಚುಚ್ಚಿದರೆ ಆಕೆಯ ಶ್ವಾಸಕೋಶ ತಾಳಿಕೊಳ್ಳುವುದು ಕಷ್ಟ. ಮೊದಲ ಸಲ ತೆಗೆದದ್ದನ್ನು ಹಳೆಯ ಆಸ್ಪತ್ರೆಯವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದನ್ನು ತನ್ನಿ ಎಂದರು.

ಹಳೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಣ್ಣ ಸಣ್ಣ ಖಾನೆಗಳ ಬೀರುಗಳು, ಅವುಗಳ ಮುಂದೆ ಸ್ವೆಟರು ತೊಟ್ಟ ಒಬ್ಬ ಹಿರಿಯರು. ರೋಗಿಯ ಸಹಿ ಇಲ್ಲದೆ ಕೊಡಲಾಗದು ಎಂದರು. ಕಿಡಿಯಣ್ಣ ಮೇಜು ಗುದ್ದಿದ. ಬೈಗುಳ ಅವರ ಹೆತ್ತ ತಾಯಿಯವರೆಗೂ ಹೋಯಿತು.

"ತಾಳಿ ಕಟ್ಟಿದೋನು ನಾನು. ನನಗೇ ಕೊಡಲ್ವಾ?"

"ಚೂರು ಆಕೇದು ಸ್ವಾಮಿ, ನಿಮ್ಮದಲ್ಲ," ಎಂದರು ಅವರು, ದನಿ ಏರಿಸದೆ.

ಮನೆಗೆ ಬಂದು ಹೇಳಿದರೆ ಹೆಂಡತಿ ದಿಂಬಿಗೆ ಒರಗಿ ನಕ್ಕಳು. "ನನ್ನದೂ ಅಂತ ಏನೋ ಒಂದಿದೆ ಅಂತ ಕೊನೆಗೆ ಒಬ್ಬರಾದ್ರೂ ಹೇಳಿದ್ರಲ್ಲ. ಕೊಡಿ ಪೆನ್ನು."

ಮರುದಿನ ಸಹಿ ನೋಡಿದ್ದೇ ಹಿರಿಯರು ಏನೂ ನಡೆದೇ ಇಲ್ಲವೆಂಬಂತೆ ಖಾನೆ ಎಳೆದರು. ಸಿಕ್ಕ ಮೇಣದ ಬಿಲ್ಲೆಯಲ್ಲಿ ಹಿಂದಿನ ಪರೀಕ್ಷೆಗಳಿಗೆಂದು ಕತ್ತರಿಸಿ ಕತ್ತರಿಸಿ ಚೂರು ಎಳೆಯಷ್ಟೇ ಉಳಿದಿತ್ತು. ಪರೀಕ್ಷೆಗೆ ಇದು ಸಾಲದು ಎಂದವರು, ಊಟದ ಹೊತ್ತು ಮೀರಿದರೂ ಬೀರು ಬೀರು ತಡಕಿ, ಆಕೆಯದೇ ಇನ್ನೊಂದು ಬಿಲ್ಲೆ ಹುಡುಕಿಕೊಟ್ಟರು. ಬಿಸಿಲಿಗೆ ಮೇಣ ಕರಗೀತು, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ ಎಂದೂ ಹೇಳಿದರು. ಕಿಡಿಯಣ್ಣ ತಲೆಯಾಡಿಸಿ ಹೊರಟ.

ಕೆಟ್ಟ ಜೀನು ಸಿಕ್ಕಿತು, ಅದಕ್ಕೆ ಮಾತ್ರೆಯೂ ಇತ್ತು. ಗಡ್ಡೆ ಮಾಯವಾಗಿಲ್ಲ, ಕುಗ್ಗಿದೆ. ಆಕೆ ಈಗ ಮೆಟ್ಟಿಲು ಹತ್ತಿ ಹೋಗಿ ಬಟ್ಟೆ ಒಣಹಾಕುತ್ತಾಳೆ. ಹೋಗಿ ಆ ಹಿರಿಯರಿಗೆ ತಪ್ಪಾಯ್ತು ಅನ್ನಿ ಎಂದು ಅವಳು ಕಾಡಿದ್ದಕ್ಕೆ ಒಮ್ಮೆ ಹೋದ. ನೆಲಮಾಳಿಗೆಯ ಮೆಟ್ಟಿಲ ಮೇಲೆಯೇ ನಿಂತ. ಸಿಟ್ಟಿನಲ್ಲಿ ನೀರಿನಂತೆ ಹರಿಯುವ ಬಾಯಿಗೆ ಆ ಒಂದು ಮಾತು ಬಾರದೆ ಹಾಗೇ ಮರಳಿದ. ಮತ್ತೆ ಹೋಗುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಹಿರಿಯರು ನಿವೃತ್ತರಾಗಿ ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.