ಗೆರೆ ದಾಟಿದ ಕ್ಯಾಚ್

ಕೆಂಪು ಟೇಪು ಸುತ್ತಿದ ಟೆನಿಸ್ ಚೆಂಡು ಮಾರ್ಕಸ್ ಅವರ ಎದೆಗೂ ಮೊಣಕೈಗೂ ನಡುವೆ ಭದ್ರವಾಗಿತ್ತು. ಕಾಲುಗಳು ಮಾತ್ರ ಬೌಂಡರಿ ಗೆರೆಯ ಆಚೆ ಇದ್ದವು.

ದೋಹಾದಲ್ಲಿರುವ ನಮ್ಮ ಕರಾವಳಿಯವರ ಶುಕ್ರವಾರದ ಕ್ರಿಕೆಟ್ ಫೈನಲ್ ಅದು. ಎದುರಾಳಿಗಳಿಗೆ ಕೊನೆಯ ಚೆಂಡಿನಲ್ಲಿ ಆರು ರನ್ ಬೇಕಿತ್ತು. ಅಣ್ಣನ ಎಸೆತ ಬ್ಯಾಟಿಗೆ ತಗಲಿ ಎತ್ತರಕ್ಕೆ ಹಾರಿತು. ಅಣ್ಣನ ಕಚೇರಿಯ ಸುರಕ್ಷತಾ ಅಧಿಕಾರಿ, ಅಮೆರಿಕದ ಮಾರ್ಕಸ್, ಓಡುತ್ತಲೇ ಅದನ್ನು ಭುಜದ ಮೇಲಿಂದ ಹಿಡಿದರು. ಹಿಡಿದವರು ನಿಲ್ಲದೆ ಗೆರೆ ದಾಟಿ, ಗೆದ್ದವರಂತೆ ನಗುತ್ತಾ ತಿರುಗಿದರು.

“ಹಿಡಿದದ್ದು ಸರಿ ಮಾರಾಯ, ಆಚೆ ಎಲ್ಲಿಗೆ ಓಡಿದ್ದು? ಸಿಕ್ಸ್ ಆಯ್ತಲ್ಲ! ಕಪ್ ಖಲಾಸ್!” ಎಂದು ಅಣ್ಣ ತಲೆ ಮೇಲೆ ಕೈ ಹೊತ್ತು ಕುಳಿತ.

ಸ್ಕೋರ್ ಬರೆಯುತ್ತಿದ್ದ ನನಗೆ, ಪಕ್ಕದಲ್ಲಿದ್ದ ಮಾರ್ಕಸ್ ಅವರ ಹೆಂಡತಿ ಕಾರಣ ಹೇಳಿದರು. ಅವರ ದೇಶದ, ಕೈಯಲ್ಲೇ ಆಡುವ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಗೆರೆ ದಾಟಿದರೇ ಅಂಕ; ಆ ಅಭ್ಯಾಸ ಕಾಲಿಗೆ ಇನ್ನೂ ಅಂಟಿಕೊಂಡಿದೆಯಂತೆ. ಕಾಲೇಜು ತಂಡದಲ್ಲಿ ಮಾರ್ಕಸ್ ಹಿಡಿದಷ್ಟು ಚೆಂಡುಗಳನ್ನು ಇಂದಿಗೂ ಯಾರೂ ಹಿಡಿದಿಲ್ಲವಂತೆ. ಮಂಡಿಗೆ ಪೆಟ್ಟಾಗಿ ಆಟ ನಿಂತ ಮೇಲೆ ಈ ಕೆಲಸ ಕಲಿತು ಇಲ್ಲಿಗೆ ಬಂದರಂತೆ. ಮೂರು ತಿಂಗಳಿಂದ ನಮ್ಮವರ ಜೊತೆ ಆಡುತ್ತಿದ್ದರೂ ಅವರು ಆ ದಾಖಲೆಯ ಮಾತೆತ್ತಿರಲಿಲ್ಲ.

ಮಾರ್ಕಸ್ ತಂಡದ ಪ್ರತಿಯೊಬ್ಬರ ಬಳಿ ಹೋಗಿ ಕ್ಷಮೆ ಕೇಳಿದರು. “ಹಿಡಿಯುವುದು ಗೊತ್ತು, ನಿಲ್ಲುವುದನ್ನು ಕಲಿಯಬೇಕು. ನಾಳೆ ಬೆಳಿಗ್ಗೆ ಯಾರಾದರೂ ಚೆಂಡು ಎಸೆದುಕೊಡುತ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸೋತ ಬೇಸರದಲ್ಲಿ ಎಲ್ಲರೂ ತಮ್ಮ ತಮ್ಮ ಚೀಲ ಹೊತ್ತು ಹೊರಟರು.

ಅಂಥ ಆಟಗಾರ ಮೊದಲಿನಿಂದ ಕಲಿಯಲು ನಾಚಲಿಲ್ಲವಲ್ಲ ಎಂಬುದೇ ನನ್ನ ಮನಸ್ಸಿನಲ್ಲಿ ಉಳಿಯಿತು. ಸ್ಕೋರ್ ಪುಸ್ತಕ ಬಿಟ್ಟು ಮೈದಾನಕ್ಕೆ ಎಂದೂ ಇಳಿಯದ ನಾನು, ಮರುದಿನ ಬೆಳಿಗ್ಗೆ ಅಣ್ಣನ ಚೀಲದಿಂದ ಚೆಂಡು ತೆಗೆದುಕೊಂಡು ಹೋಗಿ, ಗೆರೆಯ ಬಳಿ ಕಾದಿದ್ದ ಮಾರ್ಕಸ್ ಅವರ ಕಡೆಗೆ ಎಸೆದೆ.