ಹೊಲಿಗೆ ಹಾಕಿದ ಬೆಳಕು

ಹಾಯಿ ಹೊಲಿಯುವವಳು ಬೀದಿಗೆಲ್ಲ ಅತ್ತಿಗೆ. ಅವಳ ಬಾಯಿಂದ ಒಂದು ಮಾತು ಬಂತೆಂದರೆ ಮುಗಿಯಿತು, ಅದಕ್ಕೆ ಎರಡು ಮಾತಿಲ್ಲ. ಯಾವ ಬಟ್ಟೆ ಎಷ್ಟು ಗಾಳಿ ತಡೆಯುತ್ತದೆ, ಯಾರ ಮಗಳಿಗೆ ಯಾವ ಗಂಡು ಸರಿ, ಎಲ್ಲದಕ್ಕೂ ಅವಳನ್ನೇ ಕೇಳಬೇಕು. ಅವಳ ಗಂಡನದು ತದ್ವಿರುದ್ಧ. ಹಾಯಿದೋಣಿಯಲ್ಲಿ ಸರಕು ಸಾಗಿಸುವ ಆ ಪುಣ್ಯಾತ್ಮನಿಗೆ ಬೀದಿಯಲ್ಲಿ ಬುರುಡೆ ಎಂದೇ ಹೆಸರು. ಹೆಸರಿಟ್ಟವಳು ಬೇರಾರೂ ಅಲ್ಲ, ಕಟ್ಟಿಕೊಂಡ ಹೆಂಡತಿಯೇ.

ಪ್ರತಿ ಸಲ ಊರಿಗೆ ಬಂದಾಗ ಅವನು ಮೆಟ್ಟಿಲ ಮೇಲೆ ಕೂತು, "ರಾತ್ರಿ ಕಡಲ ನೀರು ಉರಿಯುತ್ತೆ ಕಣ್ರೋ, ಕೈ ಅದ್ದಿದ್ರೆ ಬೆರಳೆಲ್ಲ ಬೆಳಕು" ಎಂದು ಶುರು ಮಾಡುತ್ತಿದ್ದ. ಒಳಗಿಂದ ಅವಳು ಹೊಲಿಗೆ ನಿಲ್ಲಿಸದೆ, "ದೀಪದ ಎಣ್ಣೆ ಉಳೀತು ಬಿಡಿ" ಎನ್ನುತ್ತಿದ್ದಳು. ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಪಾಪ, ಅವನೂ ಅವರ ಜೊತೆ ನಗುತ್ತಿದ್ದ.

ಒಮ್ಮೆ ದೋಣಿಗೆ ಹೊಸ ಹಾಯಿ ಏರಿತು. ಅದರ ಅಂಚು ಗಾಳಿಗೆ ನಿಲ್ಲುತ್ತದೋ ಇಲ್ಲವೋ ತಾನೇ ನೋಡಬೇಕೆಂದು ಅವಳು ದೋಣಿ ಹತ್ತಿದಳು. ಗಂಡನ ಮಾತು ನಂಬುವ ಹಾಗಿಲ್ಲವಲ್ಲ. ಇಡೀ ದಿನ ಕತ್ತು ನೋಯುವಂತೆ ಹೊಲಿಗೆಯನ್ನೇ ನೋಡಿದಳು. ಕತ್ತಲಾಗಿ ಹೊಲಿಗೆ ಕಾಣದಾದಾಗ ವಿಧಿಯಿಲ್ಲದೆ ಕೆಳಗೆ ನೋಡಿದಳು.

ದೋಣಿಯ ಹಿಂದೆ ನೀಲಿ ಬೆಳಕಿನ ಸಾಲು ಓಡಿ ಬರುತ್ತಿತ್ತು. ಮೀನು ಹಾರಿದಲ್ಲೆಲ್ಲ ಬೆಳಕು. ಅವಳು ಕೈ ಅದ್ದಿದಳು. ಸೂಜಿ ಹಿಡಿದು ಗಟ್ಟಿಯಾದ ಬೆರಳುಗಳು ಒಂದೊಂದೂ ಹೊಳೆದವು. ಅವಳಿಗೆ ಅಳು ಬಂತು. ಚುಕ್ಕಾಣಿ ಹಿಡಿದಿದ್ದ ಗಂಡ ಅವಳ ಕೈಗೆ ನೀರು ಇನ್ನಷ್ಟು ಸಿಗಲೆಂದು ದೋಣಿಯನ್ನು ತುಸು ವಾಲಿಸಿದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಒಂದು ಕೊಡ ಕೊಡಿ," ಎಂದಳು. "ನಿಮ್ಮ ಹೆಸರು ಕೆಡಿಸಿದ್ದು ನಾನು, ಸರಿ ಮಾಡೋದೂ ನಾನೇ."

ನೀರು ತುಂಬಿದಳು. ಬೇರೆಯವರಾಗಿದ್ದರೆ ಮುಚ್ಚಳ ಹಾಕಿ ಸುಮ್ಮನಾಗುತ್ತಿದ್ದರು. ಇವಳು ಬೆಳಕು ಸೋರಿಹೋದೀತೆಂದು ಕೊಡಕ್ಕೆ ಹಾಯಿಬಟ್ಟೆ ಸುತ್ತಿ, ಮೇಣದ ದಾರದಲ್ಲಿ ಒತ್ತೊತ್ತಾಗಿ ಹೊಲಿದುಬಿಟ್ಟಳು.

"ಹೊಲಿಗೆ ಹಾಕಿದ್ರೆ ಬೆಳಕು ನಿಲ್ಲುತ್ತೇನೇ?" ಗಂಡ ಕೇಳಿದ.

"ಗಾಳೀನೇ ನಿಲ್ಲಿಸಿದೀನಿ, ಇದ್ಯಾವ ಮಹಾ."

ಸರಕಿಳಿಸಿ ಊರು ಸೇರುವ ಹೊತ್ತಿಗೆ ಹತ್ತಾರು ದಿನ ಕಳೆದಿದ್ದವು. ಅವಳು ಹೊಲಿಗೆ ಕೋಣೆಯ ಕಿಟಕಿಗಳಿಗೆಲ್ಲ ಹಳೆಯ ಹಾಯಿ ಇಳಿಬಿಟ್ಟು, ಬೀದಿಯವರನ್ನು ಒಳಗೆ ಕರೆದಳು. ನಾದಿನಿ ಎಲ್ಲರಿಗಿಂತ ಮುಂದೆ. ಹೊಲಿಗೆ ಎಷ್ಟು ಗಟ್ಟಿಯೆಂದರೆ ಬಿಚ್ಚುವಷ್ಟರಲ್ಲಿ ಜನಕ್ಕೆ ಬೆವರಿಳಿಯಿತು. ಕೊಡದೊಳಗೆ ಬರೀ ಕತ್ತಲೆ. ಕಲಕಿದಳು. ಇನ್ನೂ ಕಲಕಿದಳು. ನಾತ ಬಂತು.

"ಅತ್ತಿಗೆ, ನಿಮಗೂ ಅಂಟಿತಲ್ಲ ನಮ್ಮಣ್ಣನ ರೋಗ," ಎಂದಳು ನಾದಿನಿ ಮೂಗು ಮುಚ್ಚಿಕೊಂಡು.

"ಇಲ್ಲ ಕಣೆ, ಕಣ್ಣಾರೆ ಕಂಡೆ. ಕೇಳು ನಿಮ್ಮಣ್ಣನ್ನ."

ಎಲ್ಲರೂ ಅವನತ್ತ ತಿರುಗಿದರು. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಅವನು ತಲೆ ಕೆರೆದುಕೊಂಡು, ನಿಜವಾದ ಬೇಜಾರಿನಿಂದಲೇ ಹೇಳಿದ: "ನಾನು ಬಾಯಿಬಿಟ್ರೆ ಇವಳ ಮಾತಿಗಿರೋ ಬೆಲೇನೂ ಹೋಗುತ್ತೆ. ಬುರುಡೆಯ ಸಾಕ್ಷಿ ಯಾರಿಗೆ ಬೇಕು."

ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಬೀದಿಯಲ್ಲಿ ಬುರುಡೆಗಳು ಇಬ್ಬರಾದರು. ಗಂಡು ಸರಿಯೋ ಎಂದು ಕೇಳಲು ಯಾರೂ ಅವಳ ಬಾಗಿಲಿಗೆ ಬರಲಿಲ್ಲ.

ಕೆಲವು ದಿನ ಅವಳು ಮುಖ ಗಂಟಿಕ್ಕಿಕೊಂಡೇ ಹೊಲಿದಳು. ಆಮೇಲೊಂದು ಸಂಜೆ ಗಂಡ ಮೆಟ್ಟಿಲ ಮೇಲೆ ಕೂತು, ಮನೆಯಷ್ಟು ದೊಡ್ಡ ಮೀನು ದೋಣಿಯ ಪಕ್ಕ ಮಲಗಿ ಗೊರಕೆ ಹೊಡೆದ ಕಥೆ ತೆಗೆದ. ಅದು ಅವರ ಮದುವೆಗೂ ಮುಂಚಿನ ಪ್ರಯಾಣ. ಜನ ಒಳಗಿಂದ ಬರಬೇಕಿದ್ದ ಕೊಂಕುಮಾತಿಗೆ ಕಿವಿಗೊಟ್ಟರು.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ಕಣ್ಣೆತ್ತದೆ ಹೇಳಿದಳು: "ಹೌದು, ನಾನೂ ಇದ್ದೆ. ಆ ಗೊರಕೆಗೆ ನಿದ್ದೇನೇ ಬರಲಿಲ್ಲ."