ಕಾಕನ ದನಿ ಇದ್ದ ಡಿಸ್ಕು

ನಮ್ಮ ಸ್ಟುಡಿಯೋ ಇರುವುದು ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮದುವೆ, ಗೃಹಪ್ರವೇಶಗಳಿಗೆ ಹೋಗಿ ವಿಡಿಯೋ ತೆಗೆದುಕೊಂಡು ಬರುವವರು ನನ್ನ ಗಂಡ. ಅದನ್ನು ಕತ್ತರಿಸಿ ಜೋಡಿಸುವುದು, ನಡುವೆ ಲಗ್ನಪತ್ರಿಕೆ ಟೈಪ್ ಮಾಡುವುದು ನನ್ನ ಕೆಲಸ. ಹಾಗಾಗಿ ಕಂಪ್ಯೂಟರು ನನ್ನ ಅಡುಗೆಮನೆ ಇದ್ದ ಹಾಗೆ. ಅದರಲ್ಲಿ ಬೇರೆಯವರು ಕೈಯಾಡಿಸಿದರೆ ನನಗೆ ಸಿಟ್ಟು ಬರುತ್ತದೆ.

ಆ ಒಂದೇ ಡಬ್ಬಿಯಲ್ಲಿ ನಾನು ಮೂರು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡಿದ್ದೆ. ವಿಡಿಯೋ ಕೆಲಸಕ್ಕೆ ಹೊಸ ವಿಂಡೋಸ್. ಹಳೆಯ ಕನ್ನಡ ಅಕ್ಷರಗಳು, ಹಳೆಯ ರೆಕಾರ್ಡಿಂಗ್ ತಂತ್ರಾಂಶ ಹೊಸದರಲ್ಲಿ ನಡೆಯುವುದಿಲ್ಲವೆಂದು ಬೇರೆ ಡಿಸ್ಕಿನಲ್ಲಿ ಹಳೆಯ ವಿಂಡೋಸ್. ಗಿರಾಕಿಗಳು ತರುವ ಪೆನ್ ಡ್ರೈವ್‌ಗಳಿಂದ ವೈರಸ್ ಬಂದು ಸಾಕಾಗಿ, ವಿಡಿಯೋ ನೋಡಿ ಕಲಿತು ಹಾಕಿಕೊಂಡದ್ದು ಲಿನಕ್ಸ್. ಬೆಳಿಗ್ಗೆ ಸ್ವಿಚ್ ಹಾಕಿದರೆ ಪರದೆಯ ಮೇಲೆ ಮೂರೂ ಸಾಲಾಗಿ ನಿಂತು, ಯಾವುದು ಬೇಕೆಂದು ಕೇಳುತ್ತವೆ.

"ಒಂದ ಮನ್ಯಾಗ ಮೂರು ಒಲಿ ಯಾಕ ಬೇಕ ನಿನಗ?" ಎಂದು ಗಂಡ ನಗುತ್ತಿದ್ದರು.

"ಒಬ್ಬರ ಅಡಿಗಿ ಇನ್ನೊಬ್ಬರಿಗಿ ಸೇರಂಗಿಲ್ರಿ," ಎನ್ನುತ್ತಿದ್ದೆ.

ಒಲೆಗಳೇನೋ ಚೊಕ್ಕಟವಾಗಿದ್ದವು. ಉಗ್ರಾಣ ಮಾತ್ರ ಅಧ್ವಾನವಾಗಿತ್ತು. ಬ್ಯಾಕಪ್ ಎಂದು ತುಂಬಿಸಿಟ್ಟ ಹಾರ್ಡ್ ಡಿಸ್ಕುಗಳು ಬೀರುವಿನ ಕೆಳಖಾನೆಯಲ್ಲಿ ಹಳೆಯ ಟವೆಲ್ಲಿನೊಳಗೆ ಮಲಗಿದ್ದವು. ಒಂದರ ಮೇಲೆ 'ಹಳೇದು', ಇನ್ನೆರಡರ ಮೇಲೆ 'ಹೊಸ ಹಳೇದು', ಮತ್ತೊಂದರ ಮೇಲೆ ಏನೂ ಇಲ್ಲ. ಒಂದೇ ಮದುವೆ ನಾಲ್ಕು ಕಡೆ ಸಿಗುತ್ತಿತ್ತು. ಬೇಕಾದ ಮದುವೆ ಎಲ್ಲೂ ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೊಳಲು ಕಡೆಯಿಂದ ಒಬ್ಬ ಹೆಣ್ಣುಮಗಳು ತನ್ನ ತಂದೆಯನ್ನು ಕರೆದುಕೊಂಡು ಬಂದಳು. ತಂದೆಯ ಹೆಗಲ ಮೇಲಿನ ಕರಿ ಕಂಬಳಿ ನೋಡಿಯೇ ನನಗೆ ಅವರ ಗುರುತು ಹತ್ತಿತು. ಕುರಿ ಸಾಕುವ ಮನೆತನ. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುತ್ತಿದ್ದ ಅಣ್ಣ-ತಮ್ಮಂದಿರಲ್ಲಿ ಇವರು ಅಣ್ಣ. ಕೆಲವು ವರ್ಷಗಳ ಹಿಂದೆ, ಹೊಸದಾಗಿ ಮೈಕು ತಂದಿದ್ದ ನನ್ನ ಗಂಡ ಇಬ್ಬರನ್ನೂ ಕರೆಸಿ ನಮ್ಮ ಹಿಂದಿನ ಕೋಣೆಯಲ್ಲಿ ಒಂದು ಪದ ರೆಕಾರ್ಡ್ ಮಾಡಿದ್ದರು. ಅಣ್ಣ ಸಾಲು ಎತ್ತಿಕೊಡುತ್ತಿದ್ದರು, ಅದರ ತುದಿ ಹಿಡಿದು ತಮ್ಮ ಮೇಲಕ್ಕೇರಿಸುತ್ತಿದ್ದರು. ದನಿ ಒಂದರಲ್ಲೊಂದು ಬೆರೆಯಬಾರದೆಂದು ಒಬ್ಬೊಬ್ಬರನ್ನೂ ಒಂದೊಂದು ಕೋಣೆಯಲ್ಲಿ ನಿಲ್ಲಿಸಬೇಕೆಂದರೆ ತಮ್ಮ ಒಪ್ಪಿರಲಿಲ್ಲ. "ಅಣ್ಣನ ಮಾರಿ ಕಾಣದಿದ್ರ ನನಗ ದನಿ ಹೊಂಡಂಗಿಲ್ರಿ," ಎಂದಿದ್ದರು. ಕೊನೆಗೆ ಎದುರುಬದುರು ನಿಲ್ಲಿಸಿ, ಮುಂದೆ ಒಂದೊಂದು ಮೈಕು ಇಟ್ಟಿದ್ದೆವು. ಡೊಳ್ಳನ್ನು ಆಮೇಲೆ ಬೇರೆ ಬಾರಿಸಿ ಸೇರಿಸಿದ್ದೆವು.

"ಬರ್ರಿ ಯಜಮಾನ್ರ, ಅರಾಮ ಅದೀರಿ?" ಎಂದೆ. ಅವರು ನಕ್ಕು ಕುತ್ತಿಗೆ ಮುಟ್ಟಿ ತೋರಿಸಿದರು. ಅಲ್ಲೊಂದು ಬಿಳಿ ಬಟ್ಟೆ ಕಟ್ಟಿತ್ತು.

"ಗಂಟಲದ್ದು ಆಪರೇಷನ್ ಆಗೈತ್ರಿ ಅಕ್ಕಾರ," ಮಗಳು ಹೇಳಿದಳು. "ಜೀವ ಉಳೀತು. ದನಿ ಉಳೀಲಿಲ್ಲ. ಕಾಕ ಅದಕ್ಕೂ ಮದ್ಲ ಹೋಗಿಬಿಟ್ಟ."

ಅವಳ ಕಾಕ ಎಂದರೆ ಜೊತೆಗೆ ಹಾಡಿದ್ದ ಆ ತಮ್ಮ. ನಾನು ಇಬ್ಬರಿಗೂ ನೀರು ಕೊಟ್ಟೆ. ಆಕೆಯೇ ಮುಂದುವರಿಸಿದಳು: "ಆ ಹಾಡು ಫೋನಿನ್ಯಾಗ ಐತ್ರಿ. ಆದ್ರ ಇಬ್ರದೂ ಕೂಡಿ ಐತಿ. ನನಗ ಕಾಕನ ದನಿ ಅಷ್ಟ ಬ್ಯಾರೆ ಬೇಕು. ಅಪ್ಪನ ಜಾಗದಾಗ ನಾನು ಹಾಡ್ತೀನಿ. ಕಾಕ ಹಿಂದ ಎತ್ಕೊಳ್ಳಿ."

ತಂದೆ ನನ್ನ ಮುಖವನ್ನೇ ನೋಡುತ್ತಿದ್ದರು. ಇಬ್ಬರ ದನಿಯೂ ಬೇರೆಬೇರೆಯಾಗಿ ಇದ್ದದ್ದು ರೆಕಾರ್ಡಿಂಗಿನ ಮೂಲ ಫೈಲುಗಳಲ್ಲಿ ಮಾತ್ರ. ಅವು ಎಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ "ಹುಡುಕ್ತೀನಿ ತಂಗಿ" ಎಂದುಬಿಟ್ಟೆ.

ಅವರು ಹೋದ ಮೇಲೆ ಟವೆಲ್ಲು ಬಿಚ್ಚಿದೆ. ಸೇರಿಸಿದ ಹಾಡು ಮೂರು ಡಿಸ್ಕಿನಲ್ಲಿ ಸಿಕ್ಕಿತು. ಬಿಡಿ ದನಿಗಳು ಒಂದರಲ್ಲೂ ಇಲ್ಲ. ಉಳಿದದ್ದು ಹೆಸರಿಲ್ಲದ ಡಿಸ್ಕು. ಅದನ್ನು ಜೋಡಿಸಿದರೆ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಪರದೆಯ ಮೇಲೆ, ಇದನ್ನು ಫಾರ್ಮ್ಯಾಟ್ ಮಾಡಲೇ ಎಂಬ ಪ್ರಶ್ನೆ. ಪಕ್ಕದಲ್ಲಿ ನಿಂತಿದ್ದ ಗಂಡ ಮೌಸಿಗೆ ಕೈ ಹಾಕಿದರು.

"ಒತ್ತಬ್ಯಾಡ್ರೀ!" ನಾನು ಕೂಗಿದ್ದಕ್ಕೆ ಎದುರಿನ ಟೈಲರ್ ಅಂಗಡಿಯವರು ತಲೆ ಎತ್ತಿ ನೋಡಿದರು. "ಹೂಂ ಅಂದ್ರ ಎಲ್ಲಾ ಅಳಿಸಿ ಹೊಕ್ಕತಿ."

"ಅದು ಸತ್ತೈತಿ ಬಿಡ."

"ಇನ್ನಾ ಉಸಿರಾಡಾಕ್ಹತ್ತೈತಿ. ಕೇಳ್ರಿ."

ಅಂಥ ಡಿಸ್ಕನ್ನು ಮತ್ತೆ ಮತ್ತೆ ತೆರೆದು ನೋಡಬಾರದು. ಕೆಟ್ಟ ಜಾಗ ಬಿಟ್ಟು ಓದಲು ಬರುವುದನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡು, ಆಮೇಲೆ ಆ ನಕಲಿನಲ್ಲಿ ಹುಡುಕಬೇಕು. ಲಿನಕ್ಸಿನಲ್ಲಿ ಅದಕ್ಕೊಂದು ಸಾಧನ ಇದೆ. ಮರುದಿನ ಬೆಳಿಗ್ಗೆಯೇ ಹಚ್ಚಿದೆ. ಕರೆಂಟು ಹೋದೀತೆಂದು ಫ್ರಿಜ್ಜಿನ ಪ್ಲಗ್ ಕಿತ್ತು ಯುಪಿಎಸ್ ಅನ್ನು ಇದೊಂದಕ್ಕೇ ಬಿಟ್ಟೆ. ಕೆಲಸ ಎತ್ತಿನ ಗಾಡಿಯಂತೆ ಸಾಗಿತು. ಒಮ್ಮೊಮ್ಮೆ ನಿಂತೇ ಬಿಡುತ್ತಿತ್ತು, ಮತ್ತೆ ಹೊರಡುತ್ತಿತ್ತು. ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ನಾನೂ ಗಂಡನೂ ಸರದಿಯ ಮೇಲೆ ಕೂತೆವು. ಸಂಜೆ ಚಹಾದ ಹೊತ್ತಿಗೆ ಅದು ಮುಗಿಯಿತು. ನಕಲಿನೊಳಗೆ, ಮದುವೆಯ ಫೋಟೋಗಳ ನಡುವೆ, 'ಡೊಳ್ಳು ಟ್ರಯಲ್' ಎಂಬ ಫೋಲ್ಡರ್ ಇತ್ತು.

ಅದರೊಳಗಿನ ಫೈಲುಗಳನ್ನು ತೆರೆಯುವುದು ಹಳೆಯ ವಿಂಡೋಸಿನ ರೆಕಾರ್ಡಿಂಗ್ ತಂತ್ರಾಂಶಕ್ಕೆ ಮಾತ್ರ ಬರುತ್ತಿತ್ತು. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿ, ಹಳೆಯದನ್ನು ಆರಿಸಿಕೊಂಡು ಒಳಗೆ ಹೋದೆ. ಡೊಳ್ಳಿನ ದನಿಯಲ್ಲಿ ಅಲ್ಲಲ್ಲಿ ತೂತು ಬಿದ್ದಿದ್ದವು. ಕಾಕನದು ಇಡಿಯಾಗಿತ್ತು. "ಡೊಳ್ಳು ಇನ್ನೊಮ್ಮಿ ಬಡಿಸಿದ್ರಾತು," ಎಂದರು ಗಂಡ. ಅವರ ಕಣ್ಣು ಒದ್ದೆಯಾಗಿತ್ತು.

ತಂದೆ-ಮಗಳು ಮತ್ತೆ ಬಂದರು. ಅಣ್ಣನ ದನಿ ಮುಚ್ಚಿ ತಮ್ಮನದನ್ನಷ್ಟೇ ಹಚ್ಚಿದೆ. ಎತ್ತರದ, ತೆಳ್ಳಗಿನ ದನಿ ಕೋಣೆ ತುಂಬಿತು. ಮಗಳು ಸೆರಗು ಬಾಯಿಗಿಟ್ಟುಕೊಂಡು ಕೂತಳು. ಎರಡು ಸಾಲುಗಳ ನಡುವೆ ತಮ್ಮ ಸುಮ್ಮನಾದಾಗ ಹಿಂದೆ, ದೂರದ ಹೊಲದಿಂದ ಬಂದ ಹಾಗೆ, ಇನ್ನೊಂದು ದನಿ ಕೇಳಿಸಿತು. ಎದುರು ನಿಂತ ಅಣ್ಣನ ದನಿ ತಮ್ಮನ ಮೈಕಿನಲ್ಲೂ ಹೊಕ್ಕಿತ್ತು.

"ಇದನ್ನ ತೆಗೀಬೌದು ತಂಗಿ, ಸ್ವಲ್ಪ ಕೆಲಸ ಹಿಡೀತೈತಿ," ಎಂದೆ.

ತಂದೆ ತಟ್ಟನೆ ಎದ್ದು ನಿಂತರು. ಪರದೆಯ ಮೇಲೆ ಅಂಗೈ ಇಟ್ಟು, ಬೇಡವೆಂದು ತಲೆಯಾಡಿಸಿದರು. ಕೂತು ಮತ್ತೊಮ್ಮೆ ಹಚ್ಚಲು ಕೈಸನ್ನೆ ಮಾಡಿದರು. ಮೂರನೆಯ ಸಲ ಕೇಳುವಾಗ ಮಗಳು ಸಣ್ಣಗೆ ತಂದೆಯ ಸಾಲುಗಳನ್ನು ಹಾಡತೊಡಗಿದಳು. ಒಂದು ಕಡೆ ಎಡವಿದಳು. ತಂದೆ ಅವಳ ಮೊಣಕೈ ತಟ್ಟಿ, ಬೆರಳಿನಿಂದ ಗಾಳಿಯಲ್ಲೇ ಏರಿಳಿತ ಬರೆದು ತೋರಿಸಿದರು. ಮುಂದಿನ ಸಲ ಸರಿಯಾಯಿತು. ಹೊರಡುವಾಗ ಕಾಕನ ದನಿಯನ್ನು ಅವಳ ಫೋನಿಗೆ ಹಾಕಿಕೊಟ್ಟೆ.

ಆ ವಾರವೆಲ್ಲ ನಾನು ಬೀರು ತೆರವು ಮಾಡಿದೆ. ಒಂದು ಡಿಸ್ಕು ಮೂರು ಸಿಸ್ಟಮ್‌ಗಳ ಪ್ರತಿಗಳಿಗೆ, ಒಂದು ಗಿರಾಕಿಗಳ ಕೆಲಸಕ್ಕೆ, ಅದರ ತದ್ರೂಪಿಗೆ ಇನ್ನೊಂದು. ಎಲ್ಲಕ್ಕೂ ದೊಡ್ಡಕ್ಷರದಲ್ಲಿ ಚೀಟಿ ಅಂಟಿಸಿದೆ. ತದ್ರೂಪನ್ನು ಹರಪನಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ಗಂಡ ಒಯ್ದು ಕೊಟ್ಟರು. ಒಂದು ಊರಿನಲ್ಲಿ ಏನಾದರೂ ಆದರೆ ಇನ್ನೊಂದರಲ್ಲಿ ಇರಲಿ ಎಂದು. ತಂಗಿ ಅದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ.

ಸ್ವಲ್ಪ ದಿನದ ಮೇಲೆ ಹೊಳಲಿನ ಕಡೆಯ ಆ ಮಗಳು ಫೋನು ಮಾಡಿದಳು. ಸತ್ತ ಕಾಕನ ಹೆಂಡತಿ, ಅವಳ ಚಿಗವ್ವ, ಮೊದಲ ಸಲ ಆ ದನಿ ಕೇಳಿ ಸಿಟ್ಟಾಗಿದ್ದಳಂತೆ. "ಬಂದ್ ಮಾಡ ಅದನ್ನ, ಯಾಕ ಹೊಟ್ಟಿ ಉರಸ್ತಿ," ಎಂದು ಎದ್ದು ಹೋಗಿದ್ದಳಂತೆ.

"ತಪ್ಪು ಮಾಡಿದ್ನೇನೋ ಅನಿಸ್ತ್ರಿ ನನಗ," ಎಂದಳು ಮಗಳು. "ಆದ್ರ ಇವತ್ತ ಮುಂಜಾನಿ ರೊಟ್ಟಿ ಬಡಿಯಾಕ ಕುಂತಾಕಿ, ನನ್ನ ಕಡಿ ನೋಡಲಾರದನ ಕೇಳಿದ್ಲು ನೋಡ್ರಿ, ನಿನ್ ಕಾಕನ್ನ ಹಚ್ಚ ಒಂದೀಟು, ಅಂತ."

"ಹಚ್ಚಿದ್ಯಾ?"

"ಹಚ್ಚೀನ್ರಿ. ರೊಟ್ಟಿ ಮುಗಿಯೋತನಕ."